ಬೆಳಕಿಂಡಿಯ ಏಣಿ

ಬೀದರ
ಶನಿವಾರ, ೨೬ ಮೇ ೧೯೫೬

ಮಗಳು ಸತ್ಯಮ್ಮನಿಗೆ ನಿನ್ನ ತಾಯಿ ಗುಂಡಮ್ಮ ಬರೆಯುವುದು. ನೀನು, ಅಳಿಯ ಮಡೆಪ್ಪನವರು, ತೊಟ್ಟಿಲ ಕೂಸು ಮೂವರೂ ತಂಪಾಗಿರಿ. ಇಲ್ಲಿ ನಾನು, ನಿನ್ನ ಅಣ್ಣ, ಅತ್ತಿಗೆ ಸುಖವಾಗಿದ್ದೇವೆ.

ನಿನ್ನ ಪತ್ರ ಗುರುವಾರ ಕೈಸೇರಿತು. ಮೂರು ಸಲ ಓದಿದೆ. ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೆಯೇ ಇದೆ. ಮಾಸ್ತರರ ಹೆಂಡತಿ ಎನಿಸಿಕೊಂಡವಳು ಇಷ್ಟಾದರೂ ತಿದ್ದಿಕೊಳ್ಳಬೇಕು. ಉತ್ತರವನ್ನು ನಾನು ಅಂಚೆಗೆ ಹಾಕುತ್ತಿಲ್ಲ. ಅಣ್ಣನ ಅಂಗಡಿಯ ಧೊಂಡಿಬಾ ಸೋಮವಾರ ಔರಾದಕ್ಕೆ ಹೋಗುವವನಿದ್ದಾನೆ. ಅಲ್ಲಿಂದ ಠಾಣಾ ಕುಶನೂರಿಗೆ ಬಂದು ನಿನ್ನ ಕೈಗೇ ಕೊಡುತ್ತಾನೆ. ಅವನಿಗೆ ಚಹಾ ಕೊಟ್ಟು ಕಳಿಸು. ಅವನ ಎದುರಿಗೆ ಇದನ್ನು ಒಡೆಯಬೇಡ. ಅಳಿಯಂದಿರಿಗೆ ಓದಿ ಹೇಳುವುದೂ ಬಿಡುವುದೂ ನಿನ್ನ ವಿವೇಕಕ್ಕೆ ಬಿಟ್ಟದ್ದು.

ಮೊದಲು ಮನೆಯ ಕೆಲಸ. ಪಂಚಾಂಗದಲ್ಲಿ ಮೃಗಶಿರಾ ಜೂನ್ ಏಳಕ್ಕೆ ಹೂಡುತ್ತದೆ, ಮಿರಗದ ಮಳೆಗೆ ಇನ್ನು ಹನ್ನೆರಡು ದಿನವಿದೆ. ಆರು ವರ್ಷ ಬೀಗ ಹಾಕಿದ ಮನೆಯನ್ನು ಹನ್ನೆರಡು ದಿನದಲ್ಲಿ ಮಳೆಗೆ ಸಜ್ಜು ಮಾಡಬೇಕೆಂದರೆ ಹರಟೆಗೆ ಬಿಡುವಿರಬಾರದು.

ತೊಲೆ, ಜಂತಿಗಳನ್ನು ಒಂದೊಂದಾಗಿ ಬೆರಳಗಂಟಿನಿಂದ ಬಡಿದು ನೋಡು. ಗಟ್ಟಿ ಕಟ್ಟಿಗೆ ಗಟ್ಟಿಯಾಗಿಯೇ ಉತ್ತರ ಕೊಡುತ್ತದೆ. ಒಳಗೆ ಗೆದ್ದಲು ತಿಂದಿದ್ದರೆ ಬುರುಡೆ ಬಡಿದ ಹಾಗೆ ಕೇಳುತ್ತದೆ. ಅಂಥ ಜಂತಿಯ ಕೆಳಗೆ ಒಂದು ಕಂಬ ಕೊಡಿಸು. ಈಗಲೇ ಬದಲಿಸಲು ಹೋಗಬೇಡ, ದೀಪಾವಳಿ ದಾಟಲಿ. ಗೋಡೆಯ ಬುಡದಲ್ಲಿ ಮೊಳದೆತ್ತರ ಮಣ್ಣು ಉದುರಿರುತ್ತದೆ. ಹೊಟ್ಟು ಕಲಸಿದ ಮಣ್ಣನ್ನು ಎರಡು ದಿನ ಕೊಳೆಹಾಕಿ ಮೆತ್ತಿಸು. ಅದು ಒಣಗುವ ಮೊದಲೇ ಸುಣ್ಣ ಬಳಿಯುವ ಆತುರ ಬೇಡ. ಮಾಳಿಗೆಯ ನೀರು ಹೊರಗೆ ಬೀಳುವ ಕಲ್ಲಿನ ದೋಣಿಯಲ್ಲಿ ಗುಬ್ಬಿ ಗೂಡು ಕಟ್ಟಿರುತ್ತದೆ, ಕೈ ಹಾಕಿ ತೆಗೆಸು. ಸಗಣಿಯ ಕುಳ್ಳು, ಕಟ್ಟಿಗೆ ಒಳಗೆ ಒಟ್ಟಿಸು. ಹಿತ್ತಲ ಬಾಗಿಲಿಗೆ ಮಳೆಯ ಎರಚಲು ನೇರ ಬಡಿಯುತ್ತದೆ. ಅದರ ಮೇಲೆ ಎರಡು ಮೊಳದ ತಗಡಿನ ಪತ್ರಾ ಇಳಿಜಾರಾಗಿ ಕೂಡಿಸಿದರೆ ಬಾಗಿಲು ಇನ್ನಿಪ್ಪತ್ತು ವರ್ಷ ಬಾಳುತ್ತದೆ. ಇದನ್ನು ನಾನು ನಿನ್ನ ತಂದೆಗೆ ಪ್ರತಿ ವರ್ಷ ಹೇಳುತ್ತಿದ್ದೆ. ಅವರು ಪ್ರತಿ ವರ್ಷ ಹೂಂ ಎನ್ನುತ್ತಿದ್ದರು.

ಏಣಿ ಎಲ್ಲಿದೆ ಎಂದು ಕೇಳಿದ್ದೀ. ಅದನ್ನು ಹುಡುಕಬೇಡ. ಗೆದ್ದಲು ಹಿಡಿದು ಹೋಯಿತು. ಬಡಿಗನಿಗೆ ಹೇಳಿ ಹನ್ನೆರಡು ಮೆಟ್ಟಿಲಿನ ಹೊಸ ಏಣಿ ಮಾಡಿಸು.

ಇನ್ನು ಮೇಲಿನ ಮಣ್ಣಿನ ಮಾಳಿಗೆಯ ಮಾತು. ನೀನು ಬರೆದದ್ದನ್ನು ನಿನಗೇ ತಿರುಗಿ ಬರೆಯುತ್ತೇನೆ, ನಾನು ಸರಿಯಾಗಿ ತಿಳಿದುಕೊಂಡೆನೋ ಇಲ್ಲವೋ ನೀನೇ ನೋಡು. ಆರು ವರ್ಷ ಯಾರೂ ಒಂದು ಬುಟ್ಟಿ ಮಣ್ಣು ಹಾಕದ ಮಾಳಿಗೆ ಒಂದು ಹನಿಯೂ ಸೋರಿಲ್ಲ. ಕಣಜದ ತಳದ ಜೋಳ ಸಹ ಬೆಚ್ಚಗಿದೆ. ಮೇಲೆ ಹುಲ್ಲು ಕೀಳಿಸಲು ಆಳು ಕರೆದರೆ ಕೀಳಲು ಹುಲ್ಲೇ ಇಲ್ಲ. ಬಿಳಿ ಮಣ್ಣು ಹೊಸದಾಗಿ ಸಾರಿಸಿದ ಹಾಗೆ ನುಣ್ಣಗಿದೆ, ಬೆಳಕಿಂಡಿಯ ಸುತ್ತ ಇನ್ನೂ ಹಸಿ ಇದೆ. ಅದರ ತುಂಬ ಅಂಗೈಯ ಅರ್ಧಚಂದ್ರದ ಗುರುತುಗಳು, ಎಲ್ಲವೂ ಎಡಕ್ಕೆ ತಿರುಗಿದವು. ನೀನು ಕೇಳಿದ್ದೀ, ‘ಅವ್ವಾ, ಯಾರ ಕೈಲಿ ಮಾಡ್ಸಿದಿ? ನಮಗ್ಯಾಕ ಹೇಳ್ಲಿಲ್ಲ?’ ಎಂದು.

ಆಮೇಲೆ ಮಂಗಳವಾರದ ಮಾತು. ಮಧ್ಯಾಹ್ನ ನೀನು ಪಡಸಾಲೆ ಸಾರಿಸುತ್ತಿದ್ದಾಗ ಮೇಲಿನಿಂದ ಗಂಡು ದನಿ ಕೇಳಿತು: ‘ತೆರೀಲೇನ್ರೀ ಅವ್ವಾರ?’ ನೀನು ಹುಲ್ಲಿನ ಆಳು ಎಂದುಕೊಂಡು, ‘ತಡಿಯಪ್ಪಾ, ಕೈ ಎಲ್ಲಾ ಸಗಣಿ ಆಗ್ಯಾವ’ ಅಂದೆ. ಕೈ ತೊಳೆದುಕೊಂಡು ಪಕ್ಕದ ಕಾಂತಾಬಾಯಿಯ ಮೆಟ್ಟಿಲು ಹತ್ತಿ, ಅವರ ಮಾಳಿಗೆಯಿಂದ ನಮ್ಮದಕ್ಕೆ ದಾಟಿ ನೋಡಿದರೆ ಯಾರೂ ಇರಲಿಲ್ಲ. ಕಾಂತಾಬಾಯಿ ಮಾತ್ರ ನಿನ್ನ ಮುಖ ನೋಡಿ, ‘ಕೂಸಿನ ತೊಟ್ಟಿಲ ಬೆಳಕಿಂಡಿ ಕೆಳಗಿಂದ ಸರ್ಸವ್ವಾ, ನಿಮ್ಮವ್ವನ್ನ ಕೇಳು’ ಎಂದು ಒಳಗೆ ಹೋದಳು.

ಕೇಳಿದ್ದೀ. ಹೇಳುತ್ತೇನೆ.

ಹಿಂದಿನ ಪತ್ರದಲ್ಲಿ ನಾನೇ ಬರೆದಿದ್ದೆ, ಬೆಳಕಿಂಡಿಯನ್ನು ಪತ್ರಾ ಹೊಡೆಸಿ ಗಾರೆ ಹಾಕಿ ಕಾಯಂ ಮುಚ್ಚಿಸಿಬಿಡಿ ಎಂದು. ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ. ನಾನು ಆಡಿದ ಮಾತನ್ನು ತಿರುಗಿಸಿದ್ದನ್ನು ನೀನು ಇದುವರೆಗೆ ಕಂಡಿಲ್ಲ, ಆದ್ದರಿಂದ ಇದನ್ನು ಎರಡು ಸಲ ಓದು. ಬೆಳಕಿಂಡಿ ಮುಚ್ಚಿಸಬೇಡ. ಬರುವ ಗುರುವಾರ ಗಾರೆಯ ಗೌಂಡಿ ಬರುತ್ತಾನೆ ಎಂದು ಬರೆದಿದ್ದೀಯಲ್ಲ, ಅವನನ್ನು ಬಾಗಿಲಿಂದಲೇ ಹಿಂದಕ್ಕೆ ಕಳಿಸು.

ನಮ್ಮ ಬೆಳಕಿಂಡಿ ಎಲ್ಲರ ಮನೆಯಲ್ಲಿರುವಂಥ ಗೇಣುದ್ದದ ತೂತಲ್ಲ. ಸುಗ್ಗಿಯಲ್ಲಿ ಜೋಳ ಮೇಲಿನಿಂದಲೇ ಇಳಿಸಬೇಕೆಂದು ನಿನ್ನ ಅಜ್ಜ ಅದನ್ನು ಒಬ್ಬ ಆಳು ಇಳಿಯುವಷ್ಟು ಬಿಡಿಸಿದ್ದ. ಮೇಲೆ ಒಂದು ಹಾಸುಗಲ್ಲು. ಮಳೆ ಬಂದರೆ ಮೇಲಿನಿಂದ ಎಳೆದು ಮುಚ್ಚುವುದು. ಮಾಳಿಗೆಯ ಕೆಲಸಕ್ಕೆ ನಮಗೆ ಒಬ್ಬನೇ ಗೌಂಡಿ, ಲಾಲ ಅಹ್ಮದ. ಅವನ ಅಪ್ಪ, ಅಜ್ಜ ಎಲ್ಲ ಇದೇ ಮಾಳಿಗೆಯ ಮೇಲೆ ಕೈಯಾಡಿಸಿದವರು. ಊರಾಚೆ ಹಾಳು ದಿಬ್ಬದ ಬಿಳಿ ಮಣ್ಣು ತಂದು, ಹೊಟ್ಟು ಹಾಕಿ ತುಳಿದು, ಮಿರಗಕ್ಕೆ ಎಂಟು ದಿನ ಮೊದಲು ಹಾಸುತ್ತಿದ್ದ. ಕರಿ ಮಣ್ಣು ಬಿಸಿಲಿಗೆ ಬಿರಿಯುತ್ತದೆ, ಆ ಬಿಳಿ ಮಣ್ಣು ಬಿರಿಯುವುದಿಲ್ಲ. ಕೊನೆಯ ಕೈ ಮಾತ್ರ ಬರಿಗೈಯಲ್ಲಿಯೇ ಸಾರಿಸುವನು. ಅವನು ಎಡಚ. ನಾನು ‘ಎಡಗೈಲೆ ಸಾರಿಸಿದ ಮಾಳಿಗಿ ನಿಂದ್ರತದೇನೋ?’ ಎಂದು ಚುಚ್ಚಿದರೆ, ‘ಬಲಗೈ ಉಣ್ಣಾಕ ಇಟ್ಟೀನ್ರಿ ಅವ್ವಾರ, ಎಡಗೈ ನಿಮ್ಮ ಮನಿಗಿ ಇಟ್ಟೀನಿ’ ಎನ್ನುವನು.

ಆ ಕೆಲಸ ಮುಗಿಯುವುದಕ್ಕೆ ನಮ್ಮ ಮನೆಯಲ್ಲಿ ಒಂದು ರೂಢಿ ಇತ್ತು. ನೀನು ಸಣ್ಣವಳಿದ್ದೆ, ನೆನಪಿದೆಯೋ ಇಲ್ಲವೋ. ಸಾರಿಸಿಯಾದ ಮೇಲೆ ಗೌಂಡಿ ಮುಚ್ಚುಗಲ್ಲಿನ ಹತ್ತಿರ ಕುಳಿತು ‘ತೆರೀಲೇನ್ರೀ ಅವ್ವಾರ?’ ಎಂದು ಕೇಳಬೇಕು. ಮನೆಯ ಹಿರಿಯ ಹೆಂಗಸು ಕೆಳಗೆ ನಿಂತು ‘ತೆರಿಯಪ್ಪಾ, ಏಣಿ ಹಚ್ಚೀನಿ’ ಎನ್ನಬೇಕು. ಅವನು ಕಲ್ಲು ಸರಿಸಿದರೆ ಒಮ್ಮೆಲೇ ಪಡಸಾಲೆಯ ತುಂಬ ಬೆಳಕು ಬೀಳುವುದು. ಆ ಬೆಳಕಿನಲ್ಲಿ ಅವನು ಏಣಿ ಇಳಿದು ಬಂದು, ಮಣ್ಣುಗಾಲಲ್ಲೇ ನಿಂತು, ನನ್ನ ಕೈಯಿಂದ ಬೆಲ್ಲ, ನೀರು ತೆಗೆದುಕೊಳ್ಳಬೇಕು. ಅವನು ಇಳಿದು ಬೆಲ್ಲ ಬಾಯಿಗೆ ಹಾಕಿಕೊಳ್ಳುವವರೆಗೆ ಕೆಲಸ ಮುಗಿದಿಲ್ಲವೆಂದೇ ಅರ್ಥ. ಮಳೆಯೇ ಬರಲಿ, ಬಿಸಿಲೇ ಬರಲಿ, ಅವನು ಮೇಲೆಯೇ ಇರಬೇಕು. ವರ್ಷದಲ್ಲಿ ಅದೊಂದೇ ದಿನ ಲಾಲ ಅಹ್ಮದ ನಮ್ಮ ಪಡಸಾಲೆಯಲ್ಲಿ ಕಾಲಿಡುತ್ತಿದ್ದ. ಉಳಿದ ದಿನ ಅವನು ಅಂಗಳದ ಕಟ್ಟೆ ದಾಟಿದವನಲ್ಲ. ದಾಟು ಎಂದು ನಾನೂ ಹೇಳಿದವಳಲ್ಲ.

ಪೊಲೀಸ್ ಆಕ್ಷನ್ ಆದ ವರ್ಷವೂ ಮಿರಗದ ಮುಂದೆ ಅವನೇ ಬಂದ. ಆಗ ನಿಜಾಮನ ರಜಾಕಾರರ ಕಾಟ. ನಿನ್ನ ತಂದೆ ಶಿವರಾಜಪ್ಪನವರು ಗಡಿಯಾಚೆ ಹೋರಾಟದ ಕ್ಯಾಂಪಿನಲ್ಲಿದ್ದರು. ಅಣ್ಣ ಸೊಲ್ಲಾಪುರದ ಸಾಲಿಯಲ್ಲಿ ಓದುತ್ತಿದ್ದ. ಮನೆಯಲ್ಲಿ ನಾನು ಮತ್ತು ನೀನು ಇಬ್ಬರೇ. ಆ ದಿನ ರಜಾಕಾರರು ಊರೊಳಗೆ ಬಂದ ಸುದ್ದಿ ತಿಳಿದ ಕೂಡಲೇ ಲಾಲ ಅಹ್ಮದ ಕೆಳಗಿಳಿದು ಬಂದು ನಮ್ಮ ತಲೆಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ. ಕೀಲಿಕೈಯನ್ನು ಮಣ್ಣಿನ ಬುಟ್ಟಿಯಲ್ಲಿ ಹೂತು, ಕಾಂತಾಬಾಯಿಯ ಕಡೆಯಿಂದ ಮತ್ತೆ ಮೇಲೆ ಹೋಗಿ, ಬೆಳಕಿಂಡಿ ಮುಚ್ಚಿ ಸಾರಿಸುತ್ತ ಕುಳಿತ. ನಾವು ಕತ್ತಲೆಯಲ್ಲಿ ಕಣಜದ ಹಿಂದೆ. ನಿನ್ನ ಬಾಯಿಗೆ ನನ್ನ ಕೈ. ಬೀದಿಯಿಂದ ಯಾರೋ ಕೇಳಿದರು. ಅವನು ಮೇಲಿನಿಂದ ತಣ್ಣಗೆ, ‘ಘರ ಮೇ ಕೋಯೀ ನಹೀ, ಸಾಬ. ಮಿಟ್ಟೀ ಗೀಲೀ ಹೈ, ಊಪರ ಮತ ಆವೋ’ ಅಂದ. ಮನೆಯಲ್ಲಿ ಯಾರೂ ಇಲ್ಲ, ಮಣ್ಣು ಹಸಿ ಇದೆ, ಮೇಲೆ ಬರಬೇಡಿ. ಅಷ್ಟೇ ಮಾತು. ಅವರು ಹೋದರು. ಬಹಳ ಹೊತ್ತಾದ ಮೇಲೆ, ಏನೂ ಆಗಿಲ್ಲವೆನ್ನುವ ಹಾಗೆ, ‘ತೆರೀಲೇನ್ರೀ ಅವ್ವಾರ?’ ಅಂದ. ನಾನು ಏಣಿ ಹಚ್ಚಿದೆ. ಬೆಲ್ಲ, ನೀರು ಕೊಟ್ಟೆ. ನಮ್ಮನ್ನು ಉಳಿಸಿದ್ದಕ್ಕಾಗಿ ನಾನು ಅವನಿಗೆ ಒಂದು ಒಳ್ಳೆಯ ಮಾತು ಹೇಳಿದೆನೇ ಎಂದು ನೀನು ಕೇಳಿದರೆ, ಹೇಳಲಿಲ್ಲ. ಮಾಳಿಗೆಯ ಅಂಚಿನ ಗಿಡ್ಡ ಗೋಡೆಗೆ ಹೆಸರಿಟ್ಟು, ‘ಈ ಸಲ ಕುಂಬಿ ಕಡಿ ತೆಳ್ಳಗ ಆಗ್ಯದ ನೋಡು’ ಅಂದೆ.

ಇದಾಗಿ ನಾಲ್ಕು ತಿಂಗಳು. ಸೆಪ್ಟೆಂಬರದಲ್ಲಿ ಹಿಂದುಸ್ತಾನದ ಫೌಜು ಬಂತು, ನಿಜಾಮ ಶರಣಾದ. ಜನ ಬೀದಿಯಲ್ಲಿ ಸಕ್ಕರೆ ಹಂಚಿದರು. ಐದಾರು ದಿನ ಕಳೆದ ಮೇಲೆ ಬೇರೆ ಜನ ಬಂದರು. ಎಲ್ಲಿಯವರೋ ಗೊತ್ತಿಲ್ಲ. ಕೈಯಲ್ಲಿ ಕೊಡಲಿ, ಕುಡಗೋಲು. ಅವರ ಜೊತೆ ಮುಸಲ್ಮಾನರ ಮನೆ ತೋರಿಸುತ್ತ ಬಂದ ದನಿಗಳಲ್ಲಿ ಎರಡು ನನಗೆ ಗುರುತಿನವು. ಅವರ ಹೆಸರು ಬರೆಯುವುದಿಲ್ಲ. ಒಬ್ಬ ಸತ್ತಿದ್ದಾನೆ, ಇನ್ನೊಬ್ಬ ಈಗಲೂ ನಿನಗೆ ನಮಸ್ಕಾರ ಮಾಡುತ್ತಾನೆ.

ಅಂದು ಉತ್ತರಿ ಮಳೆ. ಮಧ್ಯಾಹ್ನದ ಹೊತ್ತು. ನಿನಗೆ ಜ್ವರ, ಒಳಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದೆ. ‘ಅವ್ವಾ, ಮ್ಯಾಲ ಯಾರೋ ಕೂಗ್ಲಿಕತ್ತಾರ’ ಎಂದು ನೀನೇ ಮೊದಲು ಹೇಳಿದೆ. ನಾನು, ‘ಮಳಿ ಸಪ್ಪಳ ಅದು, ಮಲಗು’ ಅಂದೆ.

ಮಳೆಯ ಸಪ್ಪಳವಲ್ಲ. ಮೊದಲ ಸಲವೇ ನನಗೆ ಗೊತ್ತಾಯಿತು. ಲಾಲ ಅಹ್ಮದ ಮಾಳಿಗೆಯಿಂದ ಮಾಳಿಗೆಗೆ ದಾಟಿ ಬಂದಿದ್ದ. ಕೂಗಲಿಲ್ಲ, ಅಳಲಿಲ್ಲ, ಉಳಿಸಿರಿ ಎನ್ನಲಿಲ್ಲ. ಮುಚ್ಚುಗಲ್ಲಿನ ಸಂದಿಗೆ ಬಾಯಿ ಇಟ್ಟು, ವರ್ಷಕ್ಕೊಮ್ಮೆ ಕೇಳುವ ಆ ಮಾತನ್ನೇ ಕೇಳಿದ: ‘ತೆರೀಲೇನ್ರೀ ಅವ್ವಾರ?’ ನಮ್ಮ ಪಡಸಾಲೆಗೆ ಬರಲು ಅವನಿಗೆ ಗೊತ್ತಿದ್ದ ಮಾತು ಅದೊಂದೇ.

ನಾನು ಪಡಸಾಲೆಯಲ್ಲಿ ನಿಂತಿದ್ದೆ. ನನ್ನ ತಲೆಯಲ್ಲಿ ಆಗ ಬಂದದ್ದೇನು ಗೊತ್ತೇ? ಇಂದು ಆ ದಿನವಲ್ಲ, ಮಿರಗ ಆಗಿಹೋಗಿದೆ, ಇಂದು ಇವನು ಒಳಗೆ ಬರುವಂತಿಲ್ಲ. ಇದೇ ಬಂತು. ಊರು ಉರಿಯುವಾಗ ನಾನು ರೂಢಿಯ ದಿನ ಎಣಿಸುತ್ತ ನಿಂತೆ. ಅಷ್ಟರಲ್ಲಿ ಬೀದಿಯಲ್ಲಿ ಗದ್ದಲವಾಯಿತು, ನಮ್ಮ ತಲೆಬಾಗಿಲನ್ನು ಬಡಿದರು. ‘ಗುಂಡವ್ವಾರ, ನಿಮ್ಮ ಮನಿಗೆ ಯಾರರೆ ಬಂದಾರೇನ್ರಿ?’ ಎಂದು ಕೇಳಿದರು. ಇಲ್ಲ ಅಂದೆ. ನನ್ನ ದನಿ ನಡುಗಲಿಲ್ಲ. ಅವರು ಮುಂದೆ ಹೋದರು. ಮೇಲಿನಿಂದ ಎರಡನೇ ಸಲ ಕೇಳಿತು, ಆಮೇಲೆ ಮೂರನೇ ಸಲ. ನಾನು ಉತ್ತರ ಕೊಡಲಿಲ್ಲ. ಕಲ್ಲು ಚೂರು ಸರಿದಿತ್ತು, ಸಂದಿಯಿಂದ ಮಳೆಯ ಹನಿ ಕಣಜದ ಮೇಲೆ ಬೀಳುತ್ತಿತ್ತು. ಅವನು ಆ ಕಲ್ಲನ್ನು ಮೇಲಿನಿಂದ ಎಳೆದು ಸರಿಯಾಗಿ ಕೂಡಿಸಿದ. ಸುತ್ತ ಅಂಗೈಯಿಂದ ಮಣ್ಣು ಒತ್ತುವ ಸಪ್ಪಳ ಕೇಳಿದೆ. ನಮ್ಮ ಜೋಳ ತೋಯಬಾರದೆಂದು. ಆಮೇಲೆ ಸಪ್ಪಳ ನಿಂತಿತು.

ಮರುದಿನ ಅವನನ್ನು ಹಾಳು ದಿಬ್ಬದಲ್ಲಿ ಕಂಡರು, ಅವನು ನಮ್ಮ ಮಾಳಿಗೆಗೆ ಮಣ್ಣು ಅಗೆಯುತ್ತಿದ್ದ ತಗ್ಗಿನಲ್ಲಿ. ಅಲ್ಲಿಯೇ ಮಣ್ಣು ಮಾಡಿದರು. ಅಂದಿನಿಂದ ಆ ದಿಬ್ಬದ ಮಣ್ಣನ್ನು ಊರಲ್ಲಿ ಯಾರೂ ತರುವುದಿಲ್ಲ. ನೀನು ನಿನ್ನ ಮಾಳಿಗೆಯ ಮೇಲೆ ಮುಟ್ಟಿ ನೋಡಿದ್ದು ಆ ದಿಬ್ಬದ ಮಣ್ಣು, ಸತ್ಯಮ್ಮ. ಅದನ್ನು ತರಿಸಿದವಳು ನಾನಲ್ಲ.

ಮರುವರ್ಷ ಮಿರಗಕ್ಕೆ ಬೇರೆ ಗೌಂಡಿಯನ್ನು ಕರೆಸಿ ಹಳ್ಳದ ಮಣ್ಣು ಹಾಕಿಸಿದೆ. ಆ ಗೌಂಡಿ ಬಲಗೈಯವನು. ಕೆಲಸ ಮುಗಿಸಿ ಕಾಂತಾಬಾಯಿಯ ಮೆಟ್ಟಿಲಿನಿಂದ ಇಳಿದ, ಬೆಲ್ಲ ತಿಂದ, ಹೋದ. ಮರುದಿನ ನಾನು ಮೇಲೆ ಹೋಗಿ ನೋಡಿದಾಗ ಹಳ್ಳದ ಮಣ್ಣಿನ ಮೇಲೆ ಬಿಳಿ ಮಣ್ಣು ಬಂದಿತ್ತು, ಗುರುತುಗಳು ಎಡಕ್ಕೆ ತಿರುಗಿದ್ದವು. ನಾನು ಕುಂಬಿಯ ಮೇಲೆ ಕೈಯಿಟ್ಟು ನಿಂತಿದ್ದೆ. ಅಂದಿನ ನನ್ನ ಟೀಕೆ ಅವನ ಮನಸ್ಸಿನಲ್ಲಿತ್ತೋ ಏನೋ, ಕುಂಬಿ ಕೈಯಳತೆಗೆ ದಪ್ಪವಾಗಿತ್ತು. ಆ ಮಧ್ಯಾಹ್ನವೇ ಮೇಲಿನಿಂದ ಆ ಮಾತು ಕೇಳಿಸಿತು. ನೀನು ಅಂಗಳದಲ್ಲಿ ಗಜಗ ಆಡುತ್ತಿದ್ದೆ. ನಾನು ರೊಟ್ಟಿ ಬಡಿಯುತ್ತಲೇ ಇದ್ದೆ. ಮೂರು ಸಲ ಕೇಳಿ ಸುಮ್ಮನಾಯಿತು. ಅದರ ಮರುವರ್ಷವೂ ಹಾಗೆಯೇ. ಆ ಹೊತ್ತಿಗೆ ನಿನ್ನ ತಂದೆ ತೀರಿಕೊಂಡಿದ್ದರು. ನಾನು ಮನೆಗೆ ಬೀಗ ಹಾಕಿ ನಿನ್ನನ್ನು ಕರೆದುಕೊಂಡು ಬೀದರಕ್ಕೆ ಬಂದೆ. ಮಗಳ ಸಾಲಿಗಾಗಿ ಹೋಗುತ್ತೇನೆ ಎಂದು ಊರಿಗೆಲ್ಲ ಹೇಳಿದೆ. ನೀನೂ ಹಾಗೆಯೇ ತಿಳಿದಿದ್ದೀ. ಅಳಿಯಂದಿರ ವರ್ಗ ಕುಶನೂರಿನ ಸಾಲಿಗೇ ಆದಾಗ, ಬೇರೆ ಮನೆ ಹಿಡಿಯಿರಿ ಎಂದು ನಾನು ಹಟ ಮಾಡಿದೆನಲ್ಲ, ‘ಅವ್ವನಿಗಿ ಸೊಕ್ಕು, ಮನಿ ಕೊಡಾಕ ಮನಸ್ಸಿಲ್ಲ’ ಎಂದು ನೀವಿಬ್ಬರೂ ಆಡಿಕೊಂಡಿರಂತೆ. ಆಡಿಕೊಳ್ಳಿ.

ಇನ್ನೊಂದು ಮಾತಿದೆ. ಇದನ್ನು ಬರೆಯುವುದು ಮಾಳಿಗೆಯ ಮಾತಿಗಿಂತ ಕಷ್ಟ.

ನಿನ್ನ ಕೂಸಿಗೆ ಹೊದಿಸಿದ್ದೀಯಲ್ಲ ಹಸಿರು ಅಂಚಿನ ಕೌದಿ, ಅದನ್ನು ಹೊಲಿದವಳು ಲಾಲ ಅಹ್ಮದನ ಹೆಂಡತಿ ಹಾಜಿರಾಬೀ. ಅವಳು ಇಲ್ಲಿ ಚೌಬಾರದ ಹತ್ತಿರದ ಓಣಿಯಲ್ಲಿದ್ದಾಳೆ. ಮೂರು ವರ್ಷದ ಹಿಂದೆ ಯಾರೋ ಕೌದಿ ಚಂದ ಹೊಲಿಯುತ್ತಾಳೆಂದು ಹೇಳಿದರು, ಹೋದೆ. ಬಾಗಿಲಲ್ಲೇ ಗುರುತು ಹಿಡಿದಳು. ನಾನು ತಿರುಗಿ ಹೋಗಬಹುದಿತ್ತು. ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದಳು: ‘ಅವ್ವಾರ, ನನ್ನ ಭಾಲ್ಕಿ ಗಾಡಿಗಿ ಕೂಡಿಸುವಾಗ ಅವರು ಅಂದಿದ್ರು, ನೀ ತವರಿಗಿ ಹೋಗು, ನಂದೇನ ಚಿಂತಿ ಮಾಡ್ಬ್ಯಾಡ, ನಾ ಗುಂಡವ್ವಾರ ಮಾಳಿಗಿ ಮ್ಯಾಲಿಂದ ಇಳೀತೀನಿ ಅಂತ. ನಿಮ್ಮಲ್ಲಿ ಬಂದಿದ್ರಲ್ರೀ?’

ನಾನು ‘ಬಂದಿದ್ದ’ ಅಂದೆ. ಏಣಿ ಹಚ್ಚಿದೆ, ಬೆಲ್ಲ ನೀರು ಕೊಟ್ಟೆ, ತಾಸು ಹೊತ್ತು ಕುಳಿತಿದ್ದ, ನಾನು ಬೇಡ ಬೇಡ ಎಂದರೂ ತಾನೇ ಎದ್ದು ಹೋದ ಅಂದೆ. ನಾಲಿಗೆ ಒಂದು ಸಲವೂ ತಡವರಿಸಲಿಲ್ಲ. ಹಾಜಿರಾಬೀ ನನ್ನ ಕೈಗಳನ್ನು ಕಣ್ಣಿಗೆ ಒತ್ತಿಕೊಂಡಳು. ‘ಬಾಯಾಗ ಬೆಲ್ಲ ಇಟ್ಕೊಂಡು ಹೋದ್ರಲ್ಲಾ, ಅಷ್ಟ ಸಾಕ್ರೀ’ ಅಂದಳು. ಈ ಮೂರು ವರ್ಷ ಅವಳು ಆ ಬೆಲ್ಲದ ಮೇಲೆಯೇ ಬದುಕಿದ್ದಾಳೆ.

ನಿನ್ನ ಪತ್ರ ಓದಿದ ಮೇಲೆ ನಿನ್ನೆ ಅವಳ ಮನೆಗೆ ಹೋಗಿದ್ದೆ. ಗೂಟಕ್ಕೆ ಅವನ ಮಣ್ಣಿನ ಬುಟ್ಟಿ ತೂಗುಹಾಕಿದ್ದಾಳೆ, ಗಾಡಿಯಲ್ಲಿ ಅವಳ ಜೊತೆ ಬಂದ ಸಾಮಾನಿನಲ್ಲಿ ಉಳಿದದ್ದು ಅದೊಂದೇ. ಅದು ಹಸಿಯಾಗಿತ್ತು. ಹೆಣಿಕೆಯ ಸಂದಿಗಳಲ್ಲಿ ಬಿಳಿ ಮಣ್ಣು, ಕೆಳಗೆ ನೆಲದ ಮೇಲೆ ಎರಡು ಹನಿ. ನಾನು ನೋಡುತ್ತಲೇ ನಿಂತದ್ದನ್ನು ಕಂಡು ಅವಳು ನಕ್ಕಳು: ‘ಹೌದ್ರಿ ಅವ್ವಾರ, ವರ್ಷಾ ಮಿರಗದ ಮುಂದ ಹಿಂಗೇ ಆಗ್ತದ. ನಾ ಹೆದರಂಗಿಲ್ಲ. ಎಲ್ಲೋ ಕೆಲಸದ ಮ್ಯಾಲ ಅದಾರ ಅಂತೇನಿ. ಆದರ ಒಂದ ಚಿಂತಿ ಅದ ನೋಡ್ರಿ. ಇಷ್ಟು ವರ್ಷ ಆತು, ಕೆಲಸ ಯಾಕ ಮುಗೀವಲ್ದು?’

ಉತ್ತರ ನನ್ನ ಹತ್ತಿರ ಇತ್ತು. ನಾನು ಹೊರಟು ಬಂದೆ.

ನನಗೆ ಹೆದರಿಕೆ ಎಂದು ತಿಳಿಯಬೇಡ. ಸತ್ತವರಿಗೆ ಹೆದರುವ ವಯಸ್ಸು ದಾಟಿದೆ. ಆದರೆ ಮಂಗಳವಾರ ನೀನು ಅವನಿಗೆ ಉತ್ತರ ಕೊಟ್ಟಿದ್ದೀ. ತಡಿಯಪ್ಪಾ ಎಂದಿದ್ದೀ. ಎಂಟು ವರ್ಷದಲ್ಲಿ ಆ ಬೆಳಕಿಂಡಿಯ ಕೆಳಗಿನಿಂದ ಅವನಿಗೆ ಕೇಳಿದ ಮೊದಲ ಮಾತು ಅದು. ಅವನು ತಡೆಯುತ್ತಾನೆ. ಹೇಳಿದ ಮಾತು ಕೇಳುವ ಮನುಷ್ಯ. ಕೆಳಗೆ ಕೂಸಿನ ತೊಟ್ಟಿಲು, ಮೇಲೆ ನಿನ್ನ ಮಾತನ್ನು ನಂಬಿ ಕುಳಿತವನು. ಈಗ ಗಾರೆ ಹಾಕಿ ಮುಚ್ಚಿಸಿದರೆ ನಾನು ಮಾಡಿದ್ದನ್ನೇ ನನ್ನ ಮಗಳ ಕೈಯಿಂದ ಎರಡನೇ ಸಲ ಮಾಡಿಸಿದ ಹಾಗೆ. ಅದು ಆಗಬಾರದು. ನನ್ನದು ನನಗಿರಲಿ, ನಿನಗೆ ಹತ್ತುವುದು ಬೇಡ.

ಆದ್ದರಿಂದ ಕೇಳು. ತೊಟ್ಟಿಲನ್ನು ಇಂದೇ ಅಲ್ಲಿಂದ ಸರಿಸು. ಹೆದರಿ ಅಲ್ಲ, ಇಳಿಯುವವನಿಗೆ ಜಾಗ ಬೇಕು. ಮತ್ತೆ ದನಿ ಕೇಳಿದರೆ ನೀನು ಮಾತಾಡಬೇಡ, ಆದರೆ ಓಡಿಯೂ ಹೋಗಬೇಡ. ಮಾಡುತ್ತಿದ್ದ ಕೆಲಸ ಮಾಡುತ್ತಿರು. ಮೇಲಿನ ಮಣ್ಣಿಗೆ ಯಾರೂ ಕೈ ಹಚ್ಚುವುದು ಬೇಡ. ಅಲ್ಲಿ ನಮಗೆ ಮಾಡುವ ಕೆಲಸ ಏನೂ ಉಳಿದಿಲ್ಲ. ಹೊಸ ಏಣಿ ಜೂನ್ ಐದರೊಳಗೆ ಆಗಬೇಕು. ಬಡಿಗ ನೆಪ ಹೇಳಿದರೆ ಅಳಿಯಂದಿರನ್ನೇ ಅವನ ಎದುರು ಕೂಡಿಸು. ಹೊಸ ಬೆಲ್ಲ ತರಿಸಿಡು, ಹಳೆಯದು ಬೇಡ.

ಐದನೆಯ ತಾರೀಖು ನಾನು ಬರುತ್ತೇನೆ. ಹಾಜಿರಾಬೀಯನ್ನೂ ಕರೆದುಕೊಂಡು ಬರುತ್ತೇನೆ. ಯಾಕೆ ಎಂದು ಅವಳಿಗೆ ಇನ್ನೂ ಹೇಳಿಲ್ಲ, ಇಂದು ಬೆಳಿಗ್ಗೆ ಹೋಗಿ ಹಳೇ ಊರು ನೋಡಿ ಬರೋಣ ಎಂದಷ್ಟೇ ಹೇಳಿ ಬಂದಿದ್ದೇನೆ. ಅವಳು ಬುಟ್ಟಿ ತರುತ್ತಾಳಂತೆ. ಬಸ್ಸಿನಲ್ಲಿ ನಾನು ಬಾಯಿ ಬಿಡುವುದಿಲ್ಲ. ಬೆಳಕಿಂಡಿಯ ಕೆಳಗೆ, ಮೇಲಿನವನಿಗೂ ಕೇಳುವ ಹಾಗೆ, ಅವಳಿಗೆ ಹೇಳುತ್ತೇನೆ. ಆಮೇಲೆ ಅವಳು ನನ್ನ ಮುಖ ನೋಡುವುದೂ ಬಿಡುವುದೂ ಅವಳಿಗೆ ಸೇರಿದ್ದು. ಅವಳು ನಮ್ಮ ಮನೆಗೆ ತಲೆಬಾಗಿಲಿನಿಂದ ಬರುತ್ತಾಳೆ, ಪಡಸಾಲೆಯಲ್ಲಿ ಕೂಡುತ್ತಾಳೆ, ನಮ್ಮ ಪಂಕ್ತಿಯಲ್ಲೇ ಉಣ್ಣುತ್ತಾಳೆ. ಯಾವ ದಿನವಾದರೂ ಸರಿ. ಕಾಂತಾಬಾಯಿ ಏನಾದರೂ ಅಂದರೆ ನನ್ನನ್ನು ಕೇಳಲಿ.

ಕುಳ್ಳು ಒಳಗೆ ಒಟ್ಟಿಸುವುದನ್ನು ಮರೆಯಬೇಡ.

ನಿನಗೆ ಜ್ವರ ಬಂದಾಗ ಸುಳ್ಳು ಹೇಳಿ ಮಲಗಿಸಿದ,
ನಿನ್ನ ತಾಯಿ
ಗುಂಡಮ್ಮ

ತಾ.ಕ. — ಪತ್ರ ಮಡಿಚಿಟ್ಟಿದ್ದೆ, ಮತ್ತೆ ಬಿಚ್ಚಿದೆ. ಧೊಂಡಿಬಾ ಹೊರಡಲು ಇನ್ನೂ ಹೊತ್ತಿದೆ.

ಏಣಿಯನ್ನು ಗೆದ್ದಲು ತಿನ್ನಲಿಲ್ಲ. ಉತ್ತರ ಕೊಡಲಿಲ್ಲ ಎಂದು ಮೇಲೆ ಬರೆದಿದ್ದೇನೆ, ಅದೂ ನಿಜವಲ್ಲ. ಮೂರನೇ ಸಲ ಕೇಳಿದಾಗ ನನ್ನ ಬಾಯಿ ತಾನಾಗಿಯೇ ‘ತೆರಿಯಪ್ಪಾ, ಏಣಿ ಹಚ್ಚೀನಿ’ ಅಂದಿತು. ಹಚ್ಚಿದೆ ಕೂಡ. ಅವನು ಕಲ್ಲು ಸರಿಸಿ ಮೇಲಿನ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟ. ಅಷ್ಟರಲ್ಲಿ ಬಾಗಿಲನ್ನು ಎರಡನೇ ಸಲ ಬಡಿದರು. ನಾನು ತಲೆಯೆತ್ತಿ ಅವನನ್ನು ನೋಡಿದೆ. ಅವನು ಏಣಿಯಿಂದ ಸಡಿಲಿದ ನನ್ನ ಕೈಗಳನ್ನು ನೋಡಿದ. ಅವನು ತಾನಾಗಿಯೇ ಕಾಲು ಹಿಂದಕ್ಕೆ ತೆಗೆದುಕೊಂಡ. ‘ಇರ್ಲಿ ಬಿಡ್ರಿ ಅವ್ವಾರ, ಮುಚ್ತೀನಿ.’ ನಾನು ಏಣಿಯನ್ನು ಕೆಳಗೆ ಎಳೆದುಕೊಂಡೆ. ಆಮೇಲೆ ಬಾಗಿಲಿಗೆ ಹೋಗಿ, ಯಾರೂ ಬಂದಿಲ್ಲ ಅಂದೆ.

ಮೇಲಿನ ಮೆಟ್ಟಿಲಿಗೆ ಹತ್ತಿದ ಬಿಳಿ ಮಣ್ಣು ಎಷ್ಟು ತೊಳೆದರೂ ಹೋಗಲಿಲ್ಲ. ಅದೇ ಸಂಜೆ ಏಣಿಯನ್ನು ಒಡೆದು ಒಲೆಗೆ ಹಾಕಿದೆ. ನಿನಗೆ ಜ್ವರದ ಗಂಜಿ ಕಾಯಿಸಿದ್ದು ಆ ಉರಿಯಲ್ಲಿ.

ಹೊಸ ಏಣಿಯ ಮೇಲಿನ ಮೆಟ್ಟಿಲು ಅಗಲವಾಗಿರಲಿ. ಈ ಸಲ ಕೆಳಗೆ ಎರಡೂ ಕೈಯಿಂದ ಹಿಡಿದುಕೊಳ್ಳಲು ನಾನಿರುತ್ತೇನೆ.